ಯುರೋಪ್ ಪ್ರವಾಸಕ್ಕೆ: ರೋಮಿಂಗ್ ಪ್ಯಾಕೋ, ಅಲ್ಲಿನ ಸಿಮ್ಮೋ, ಇ-ಸಿಮ್ಮೋ?

ನಾಲ್ಕೈದು ದಿನದ ಪ್ರವಾಸವಾದರೆ ತಲೆ ಕೆಡಿಸಿಕೊಳ್ಳಬೇಡಿ, ಇಲ್ಲಿನ ನಂಬರಿಗೇ ರೋಮಿಂಗ್ ಪ್ಯಾಕ್ ಹಾಕಿಸಿ. ದುಬಾರಿ ಹೌದು, ಆದರೆ ಊರಿನ ಕರೆ, ಬ್ಯಾಂಕಿನ ಒಟಿಪಿ ಎಲ್ಲ ಅದೇ ನಂಬರಿಗೆ ಬರುತ್ತವೆ. ಪ್ಯಾಕ್ ಇಲ್ಲದೆ ಹೋದಿರೋ, ಒಳಬರುವ ಕರೆಗೂ ನಿಮಿಷದ ಲೆಕ್ಕದಲ್ಲಿ ದುಡ್ಡು. ‘ಲೋನ್ ಬೇಕಾ ಸಾರ್’ ಎನ್ನುವವರ ಕರೆಗೂ ಕಾಸು ನಿಮ್ಮದೇ.

ತಿಂಗಳುಗಟ್ಟಲೆ ಇರುವವರಿಗೆ ಅಲ್ಲಿನ ಪ್ರೀಪೇಯ್ಡ್ ಸಿಮ್ ಅಗ್ಗ. 2017ರ ಜೂನ್‌ನಿಂದ ಐರೋಪ್ಯ ಒಕ್ಕೂಟದೊಳಗೆ ರೋಮಿಂಗ್‌ಗೆ ಹೆಚ್ಚುವರಿ ಶುಲ್ಕವಿಲ್ಲ. ಪ್ಯಾರಿಸ್‌ನಲ್ಲಿ ಕೊಂಡದ್ದು ರೋಮ್‌ನಲ್ಲೂ ನಡೆಯುತ್ತದೆ. ಆದರೆ ನಮ್ಮವರ ಟೂರಿನಲ್ಲಿ ತಪ್ಪದೇ ಇರುವ ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಕೊಳ್ಳುವಾಗಲೇ ಕೇಳಿ. ಒಂದೇ ಸಿಮ್ಮಿನ ಫೋನಾದರೆ ಇನ್ನೊಂದು ಪೇಚು. ನಾನು ಊರಿನ ಸಿಮ್ಮನ್ನು ಪಾಸ್‌ಪೋರ್ಟ್ ಕವರಿಗೆ ಸೆಲೋಟೇಪ್ ಹಚ್ಚಿ ಅಂಟಿಸಿಟ್ಟುಕೊಂಡು, ಒಟಿಪಿ ಬೇಕಾದಾಗಲೆಲ್ಲ ಹೆಂಡತಿಯ ಓಲೆಯ ಕಡ್ಡಿಯಿಂದ ಟ್ರೇ ಎಬ್ಬಿಸುತ್ತಿದ್ದೆ.

ಹಾಗಾಗಿ ಈಗ ನನ್ನ ಮತ ಇ-ಸಿಮ್‌ಗೆ, ಎಂದರೆ ಕಾರ್ಡೇ ಇಲ್ಲದೆ ಫೋನಿನೊಳಗೇ ಕೂರುವ ಸಿಮ್‌ಗೆ. ಮನೆಯ ವೈಫೈನಲ್ಲೇ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಿತು, ಊರಿನ ಸಿಮ್ ಜಾಗ ಬಿಟ್ಟು ಕದಲುವುದಿಲ್ಲ. ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿಡಿ. *#06# ಒತ್ತಿದಾಗ ‘ಇಐಡಿ’ ಎಂಬ ಉದ್ದನೆಯ ಸಂಖ್ಯೆ ಕಂಡರೆ ನಿಮ್ಮ ಫೋನಿಗೆ ಇ-ಸಿಮ್ ಆಗುತ್ತದೆ. ಪ್ರವಾಸಿಗರ ಇ-ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾ, ಮಾತುಕತೆಯೆಲ್ಲ ವಾಟ್ಸ್‌ಆ್ಯಪ್‌ನಲ್ಲೇ. ಹೋಟೆಲಿಗೋ ಟ್ಯಾಕ್ಸಿಯವನಿಗೋ ಮಾಮೂಲಿ ಕರೆ ಮಾಡುತ್ತಲೇ ಇರಬೇಕಾದವರಿಗೆ ಅಲ್ಲಿನ ಸಿಮ್ಮೇ ಸರಿ. ದಾರಿಯಲ್ಲಿ ದುಬೈನಲ್ಲಿ ಇಳಿಯುವವರು ನೆನಪಿಡಿ: ಅಲ್ಲಿ ಸಾಮಾನ್ಯವಾಗಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ.