ಎಕ್ಸ್‌ಟೆನ್ಷನ್ ಟ್ಯೂಬ್ ಸೆಟ್: ಪುಣೆಯ ಟೇಕಡಿಗಳಲ್ಲಿ (ಗುಡ್ಡಗಳಲ್ಲಿ) ನಾಲ್ಕು ವಸಂತಗಳ ಬಳಕೆಯ ನಂತರ

12, 20 ಮತ್ತು 36 ಮಿ.ಮೀ.ಗಳ ಮೂರು ಟ್ಯೂಬ್‌ಗಳ ಸೆಟ್ ಇದು. ಒಳಗೆ ಗಾಜಿಲ್ಲ, ಬರೀ ಟೊಳ್ಳು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂತು ಲೆನ್ಸನ್ನು ಮುಂದಕ್ಕೆ ಸರಿಸುವುದಷ್ಟೇ ಇದರ ಕೆಲಸ. ವೇತಾಳ ಟೇಕಡಿ, ತಳಜಾಯಿ, ಸಿಂಹಗಡದ ದಾರಿಗಳಲ್ಲಿ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ ಮತ್ತು 50 ಮಿ.ಮೀ. ಲೆನ್ಸಿನ ಜೊತೆ ಬಳಸಿದ್ದೇನೆ, ಮುಖ್ಯವಾಗಿ ಕಾಡುಹೂಗಳ ಗುರುತು ಹಿಡಿಯಲು.

ಲೆಕ್ಕ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ವರ್ಧನೆ ಸೇರುತ್ತದೆಂದು ಸಿಗುತ್ತದೆ. ವರ್ಧನೆ ಅಂದರೆ ಸೆನ್ಸರಿನ ಮೇಲಿನ ಬಿಂಬ ಹೂವಿನ ನಿಜ ಗಾತ್ರದ ಎಷ್ಟು ಪಾಲು ಎಂಬುದು; 1 ಅಂದರೆ ಪೂರ್ಣ, 0.5 ಅಂದರೆ ಅರ್ಧ. 50ರ ಲೆನ್ಸಿಗೆ 20ರ ಟ್ಯೂಬ್ 0.4 ಕೊಡುತ್ತದೆ, 36ರದು 0.72, ಮೂರೂ ಸೇರಿದರೆ 1.36. ಇದೇ 36ರ ಟ್ಯೂಬ್ 250 ಮಿ.ಮೀ. ಲೆನ್ಸಿನಲ್ಲಿ ಬರೀ 0.14 ಸೇರಿಸುತ್ತದೆ. ಆದರೂ ಕೈಗೆಟುಕದ ಕೊಂಬೆಯ ಮುತ್ತುಗ, ಬೂರುಗಕ್ಕೆ ಅದು ಉಪಯೋಗಕ್ಕೆ ಬರುತ್ತದೆ. 18 ಮಿ.ಮೀ. ಲೆನ್ಸಿಗೆ ಇದನ್ನು ಹಾಕಲೇಬೇಡಿ, ಫೋಕಸ್ ಬಿಂದು ಲೆನ್ಸಿನ ಗಾಜಿನ ಮೇಲೋ ಒಳಗೋ ಬೀಳುತ್ತದೆ.

ನನ್ನ ಮಟ್ಟಿಗೆ ಗುರುತು ಹಿಡಿಯಲು ಹೆಚ್ಚು ದುಡಿದದ್ದು 20ರ ಟ್ಯೂಬೇ. ಎಕ್ಕವನ್ನೇ ನೋಡಿ, ಇಲ್ಲಿಯವರು ಇದನ್ನು ರುಯಿ ಅನ್ನುತ್ತಾರೆ. ದಳಗಳು ಚಪ್ಪಟೆಯಾಗಿ ಹರಡಿದ್ದರೆ ಅಥವಾ ಹಿಂದಕ್ಕೆ ಬಾಗಿದ್ದರೆ ಕ್ಯಾಲೊಟ್ರೊಪಿಸ್ ಜೈಗಾಂಟಿಯಾ. ನೆಟ್ಟಗೆ ನಿಂತು ತುದಿ ನೇರಳೆಯಾಗಿದ್ದರೆ ಪ್ರೊಸೆರಾ. ಎದುರಿನಿಂದ ಮಾತ್ರ ತೆಗೆದ ಚಿತ್ರದಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ, ಪಕ್ಕದಿಂದಲೂ ಒಂದು ಬೇಕೇ ಬೇಕು. ಅರಿಸಿನ ಉಮ್ಮತ್ತಿಯಲ್ಲಿ (ಆರ್ಜೆಮೋನ್) ಹೂವಿಗಿಂತ ಮೊಗ್ಗು ಮುಖ್ಯ: ಹಳದಿ ಹೂವಿನ ಮೆಕ್ಸಿಕಾನಾದ್ದು ಗುಂಡಗೆ, ತಿಳಿಹಳದಿಯ ಆಕ್ರೊಲ್ಯೂಕಾದ್ದು ಉದ್ದುದ್ದ.

36ರ ಟ್ಯೂಬ್ ಬೇಕಾಗುವುದು ವಿಷ್ಣುಕ್ರಾಂತಿಯಂಥ ಪುಟ್ಟ ಹೂಗಳಿಗೆ. ಅದರ ಕುಲವಾದ ಎವಾಲ್ವ್ಯುಲಸ್‌ನಲ್ಲಿ ಎರಡು ಶಲಾಕೆಗಳು (ಅಂಡಾಶಯದ ಮೇಲಿನ ಎಳೆಗಳು), ಒಂದೊಂದೂ ಮತ್ತೆ ಎರಡಾಗಿ ಸೀಳಿರುತ್ತದೆ. ಅದರ ನೆಂಟ ಕಾನ್ವಾಲ್ವ್ಯುಲಸ್‌ನಲ್ಲಿ ಶಲಾಕೆ ಒಂದೇ, ತುದಿಯಲ್ಲಿ ಎರಡು ಶಲಾಕಾಗ್ರ (ಪರಾಗ ಅಂಟುವ ತುದಿ). ಶಂಖಪುಷ್ಪಿ ಅನ್ನುವ ಹೆಸರು ಈ ಎರಡಕ್ಕೂ, ಬೇಲಿಯ ಮೇಲಿನ ನೀಲಿ ಬಳ್ಳಿಗೂ ಸಲ್ಲುವುದರಿಂದ ಹೆಸರನ್ನಷ್ಟೇ ನಂಬುವ ಹಾಗಿಲ್ಲ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ವಿಷ್ಣುಕ್ರಾಂತಿಯ ಹೂ ಮುದುಡಿಕೊಳ್ಳುತ್ತದೆ.

ಮೂರೂ ಟ್ಯೂಬ್ ಒಟ್ಟಿಗೆ ಹಾಕಿದ್ದು ಬಹಳ ಕಡಿಮೆ. ಹೂವು ಲೆನ್ಸಿಗೆ 5–6 ಸೆಂ.ಮೀ. ಹತ್ತಿರ ಬರುತ್ತದೆ, ಕ್ಯಾಮೆರಾದ ನೆರಳು ಅದರ ಮೇಲೇ ಬೀಳುತ್ತದೆ. ಫೋಕಸ್ ಆಗುವ ಆಳದ ಕಷ್ಟವೂ ಇದೆ: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಎಫ್ 8ರಲ್ಲಿದ್ದಾಗ ಅರ್ಧ ವರ್ಧನೆಗೆ ಸುಮಾರು 2 ಮಿ.ಮೀ. ಸಿಕ್ಕರೆ, ಪೂರ್ಣ ವರ್ಧನೆಗೆ ಹೆಚ್ಚೆಂದರೆ 0.6. ಎಫ್ 22ಕ್ಕೆ ಇಳಿಸಿದರೆ ವಿವರ್ತನೆಯಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಎಲ್ಲವೂ ಮಸುಕು. ಎಫ್ 8ರಿಂದ 11ರೊಳಗೆ ನಿಂತು, ಕೇಸರಗಳು ಸೆನ್ಸರಿಗೆ ಸಮಾನಾಂತರವಾಗಿ ಬರುವ ಹಾಗೆ ಕ್ಯಾಮೆರಾ ತಿರುಗಿಸುವುದು ಮೇಲು. ಆಟೋಫೋಕಸ್ ಆಫ್ ಮಾಡಿ. ಫೋಕಸ್ ರಿಂಗನ್ನು ಒಂದು ಕಡೆ ನಿಲ್ಲಿಸಿಟ್ಟು, ಮೈಯನ್ನೇ ಹಿಂದೆ ಮುಂದೆ ವಾಲಿಸಿ ಏಳೆಂಟು ಚಿತ್ರ ಹೊಡೆಯಿರಿ.

ಬೆಳಕೂ ಕುಗ್ಗುತ್ತದೆ. ಪೂರ್ಣ ವರ್ಧನೆಯಲ್ಲಿ ಎಫ್ 8 ಎಂಬುದು ಎಫ್ 16ರ ಹಾಗೆ, ಅಂದರೆ ಎರಡು ಸ್ಟಾಪ್ ನಷ್ಟ, ಕಾಲು ಭಾಗ ಬೆಳಕಷ್ಟೇ ಉಳಿಯುತ್ತದೆ. ಆದರೂ ಮಾರ್ಚಿನಲ್ಲಿ ಬೆಳಿಗ್ಗೆ ಒಂಬತ್ತರ ಬಿಸಿಲಿಗೆ ಚಿತ್ರದಲ್ಲಿ ಬಿಳಿ ದಳ ವಿವರವಿಲ್ಲದೆ ಸುಟ್ಟುಹೋಗುತ್ತದೆ, ಬಟರ್ ಪೇಪರಿನ ಒಂದು ಹಾಳೆ ಅಡ್ಡ ಹಿಡಿದರೆ ಸಾಕು.

ಬಾಳಿಕೆಯ ಬಗ್ಗೆ ಎರಡು ದೂರು. ಪ್ಲಾಸ್ಟಿಕ್ ಮೌಂಟ್ ಈಗ ಸ್ವಲ್ಪ ಅಲ್ಲಾಡುತ್ತದೆ, ಹಾಗಾಗಿ ಭಾರದ ಲೆನ್ಸ್ ಹಾಕಿದಾಗ ಕೈ ಲೆನ್ಸಿನ ಕೆಳಗೇ ಇರಬೇಕು. ಒಳಗೋಡೆ ಹೊಳೆಯುತ್ತದೆ, ಎದುರು ಬೆಳಕಿನಲ್ಲಿ ಚಿತ್ರದ ನಡುವೆ ಬಿಳಿ ಮಂಜು ಬರುತ್ತಿತ್ತು. ಕಪ್ಪು ವೆಲ್ವೆಟ್ ಪೇಪರ್ ಅಂಟಿಸಿದ ಮೇಲೆ ಹೋಯಿತು. ಟೇಕಡಿಯ ಧೂಳು ಕ್ಯಾಮೆರಾಕ್ಕೂ ಲೆನ್ಸಿಗೂ ವಿದ್ಯುತ್ ಸಂಪರ್ಕ ಕೊಡುವ ಕಾಂಟ್ಯಾಕ್ಟ್ ಪಿನ್ನುಗಳಿಗೆ ಕೂತು ಲೆನ್ಸ್ ಎರರ್ ಬಂದಾಗ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದರೆ ಸರಿಹೋಗುತ್ತದೆ. ಪಿನ್ನೇ ಇಲ್ಲದ ಅಗ್ಗದ ಟ್ಯೂಬ್ ಕೊಳ್ಳಬೇಡಿ. ಅಪರ್ಚರ್ ರಿಂಗ್ ಇಲ್ಲದ ಲೆನ್ಸಿನಲ್ಲಿ ಅಪರ್ಚರ್ ನಿಮ್ಮ ಹಿಡಿತಕ್ಕೇ ಸಿಗುವುದಿಲ್ಲ.

ಟ್ಯೂಬ್ ಹಾಕಿದರೆ ದೂರದ್ದು ಫೋಕಸ್ ಆಗುವುದಿಲ್ಲ, ಅದಕ್ಕೇ ಅನೇಕರು ಹೂವಷ್ಟೇ ತೆಗೆದು ಮುಂದೆ ಹೋಗಿಬಿಡುತ್ತಾರೆ. ಇಡೀ ಗಿಡ, ಎಲೆಯ ಮೇಲ್ಭಾಗ ಮತ್ತು ಅಡಿ, ಪುಷ್ಪಪಾತ್ರೆ (ದಳಗಳ ಬುಡದ ಹೊರಬಟ್ಟಲು), ಪಕ್ಕದಲ್ಲೊಂದು ಸ್ಕೇಲು, ಇವಿಷ್ಟನ್ನು ಟ್ಯೂಬ್ ಹಾಕುವ ಮೊದಲೇ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ.