ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ನೋಡ್ಲಿಕ್ಕೆ ಹೋಗುವವರು ಇದೊಂದು ಓದಿ ಹೋಗಿ

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಎರಡು ಮೂರು ಎಕ್ರೆ ತೋಟ ಇರುವವರೆಲ್ಲ ಈಗ ಮಿನಿ ಟ್ರ್ಯಾಕ್ಟರ್ ಹುಡುಕ್ತಾ ಇದ್ದಾರೆ. ಗೊಬ್ಬರ ಹೊರ್ಲಿಕ್ಕೆ ಜನ ಇಲ್ಲ, ಬಂದವರ ಸಂಬಳ ಲೆಕ್ಕ ಹಾಕಿದ್ರೆ ತಲೆ ತಿರುಗ್ತದೆ, ಹೊಸ ಗಾಡಿಗೆ ಐದಾರು ಲಕ್ಷ ಒಮ್ಮೆಲೇ ಹಾಕುವ ತಾಕತ್ತು ಎಲ್ಲರಿಗೂ ಇಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್. ಅದರಲ್ಲಿ ತಪ್ಪೇನಿಲ್ಲ. ಆದ್ರೆ ಘಟ್ಟದ ಮೇಲೆ ಗದ್ದೆ ಕೆಸರಲ್ಲಿ ಓಡಿ ಓಡಿ ಸುಸ್ತಾದ ಗಾಡಿಗಳು ಪೇಂಟ್ ಹೊಡೆಸ್ಕೊಂಡು ಸಾರಡ್ಕ ಗಡಿ ದಾಟಿ ನಮ್ಮ ಅಡಿಕೆ ತೋಟಗಳಿಗೆ ಇಳೀತಾ ಉಂಟು, ಅದರಲ್ಲಿ ಒಂದು ಈಗ ನಮ್ಮ ಶೆಡ್ಡಲ್ಲಿ ನಿಂತಿದೆ. ಕಂಪೆನಿ ಹೆಸರು ಹಾಕುವುದಿಲ್ಲ, ಗಾಡಿ ಮಾಡಿದವರದ್ದು ಇದರಲ್ಲಿ ಏನೂ ಇಲ್ಲ, ಅದೇ ಮಾಡೆಲ್ ನಮ್ಮ ನೆರೆಕರೆಯಲ್ಲೇ ಚೆಂದಕ್ಕೆ ಓಡ್ತಾ ಉಂಟು. ಬ್ರೋಕರ್ ಹೆಸರೂ ಹಾಕುವುದಿಲ್ಲ. ಅವ ಮಾಡಿದ್ದು ಹೇಗೆ ಅಂತ ಮಾತ್ರ ಹೇಳ್ತೇನೆ, ಯಾಕಂದ್ರೆ ಇದು ಅವನೊಬ್ಬನ ವಿದ್ಯೆ ಅಲ್ಲ ಅಂತ ಮೆಕ್ಯಾನಿಕ್ ಹೇಳಿದ ಮೇಲೆ ಗೊತ್ತಾಯ್ತು.

ನಮಗೆ ಸಿಕ್ಕಿದ್ದು ಎರಡು ಗಾಡಿ. ಒಂದು ಇಲ್ಲೇ ಮುಳ್ಳೇರಿಯ ಹತ್ತಿರದ್ದು, 15 ಎಚ್‌ಪಿ, ಒಂದೇ ಸಿಲಿಂಡರ್, ಟೂ ವೀಲ್ ಡ್ರೈವ್, ಕೆಎಲ್ 14 ನಂಬರು, ಬಣ್ಣ ಎಲ್ಲ ಹೋಗಿ ನೋಡ್ಲಿಕ್ಕೆ ಆಗದ ಹಾಗೆ ಇತ್ತು. ಇನ್ನೊಂದು ಗಡಿಯ ಆಚೆ ಬ್ರೋಕರನ ಯಾರ್ಡಲ್ಲಿ, 24 ಎಚ್‌ಪಿ, ಮೂರು ಸಿಲಿಂಡರ್, ಫೋರ್ ವೀಲ್. ಈಗ ಕೆಲವರು ಹೇಳ್ತಾರೆ, ಚೆಂದ ನೋಡಿ ಹೋದ್ರಿ, ಆ ಸಣ್ಣದನ್ನೇ ತೆಗೊಂಡಿದ್ರೆ ಆಗ್ತಿತ್ತು ಅಂತ. ನಾನು ಒಪ್ಪುವುದಿಲ್ಲ. ನಮ್ಮ ಮನೆ ಇರೋದು ಮೇಲೆ, ತೋಟ ಕೆಳಗೆ, ನಡುವೆ ಮುರಕಲ್ಲು ಕಡಿದು ಮಾಡಿದ ಚಡವು, ಅಂದ್ರೆ ಏರು ದಾರಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಊರಲ್ಲಿ ಆ ಚಡವು ಜೂನಿಂದ ಪಾಚಿ ಹಿಡಿದು ಸಾಬೂನಿನ ಹಾಗೆ. ಸ್ವರಾಜ್ 717, ಯುವರಾಜ್ 215 ಅಂಥ 15 ಎಚ್‌ಪಿಯವು ಸಪಾಟು ಜಾಗೆಗೆ ಒಳ್ಳೆಯದೇ, ಡೀಸೆಲೂ ಕಡಿಮೆ ಕುಡೀತದೆ, ಆದ್ರೆ ಟ್ರೈಲರಲ್ಲಿ ಹಟ್ಟಿ ಗೊಬ್ಬರ ತುಂಬಿಸಿ ಚಡವು ಹತ್ತಿಳಿಸುವ ಕೆಲಸಕ್ಕೆ ಮುಂದಿನ ಚಕ್ರವೂ ಎಳೀಬೇಕು. ಜಾಗೆ ನೋಡಿ ಗಾಡಿ ಆರಿಸಿದ್ದು ಸರಿಯೇ. ಮೋಸ ಆದದ್ದು ಆ ಮುಂದಿನ ಚಕ್ರದಲ್ಲಿ.

ಅಗಲದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ, ಮತ್ತೆ ಮರೀತದೆ. ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ಲೆಕ್ಕದಲ್ಲಿ ಅಡಿಕೆಗೆ ಅಂತರ 2.7 ಮೀಟರ್, ಅಂದ್ರೆ ನಮ್ಮ ಒಂಬತ್ತು ಅಡಿ. ಒಂಬತ್ತು ಅಡಿ ಉಂಟಲ್ಲ ಯಾವ ಗಾಡಿಯೂ ಹೋಗ್ತದೆ ಅಂತ ಕಾಣ್ತದೆ, ಆದ್ರೆ ನಡುವೆ ನೀರು ಹೋಗುವ ಕಣಿ, ಕಣಿಯ ಬದಿಯಲ್ಲಿ ಬಾಳೆ, ಮರಕ್ಕೆ ಹಬ್ಬಿದ ಕರಿಮೆಣಸು, ಸ್ಪ್ರಿಂಕ್ಲರ್ ಪೈಪು, ಹಳೆ ತೋಟ ಆದ್ರೆ ಮರಗಳ ನಡುವೆ ನೆಟ್ಟ ಎಡೆಸಸಿ ಬೇರೆ. ಉಳಿಯುವುದು ಎಷ್ಟು ಅಂತ ಟೇಪ್ ಹಿಡಿದು ಅಳೆದು, ಆ ಅಳತೆಗೆ ಗಾಡಿಯ ಟೈರಿನ ಹೊರ ಅಂಚಿಂದ ಹೊರ ಅಂಚು ಅಳೀಬೇಕು. ಮತ್ತೆ ಮಣ್ಣು ಕಡಿದು ಪುಡಿ ಮಾಡುವ ರೋಟವೇಟರ್ ಫ್ರೀ ಕೊಡ್ತೇನೆ ಅಂದ್ರೆ ಖುಷಿಪಡ್ಬೇಡಿ, ಅಡಿಕೆಯ ಬೇರು ಮೇಲ್ಮಣ್ಣಲ್ಲೇ ಹರಡಿರ್ತದೆ, ಬುಡದಲ್ಲಿ ಅದನ್ನು ಓಡಿಸಿದ್ರೆ ಬೇರು ಕಡಿದದ್ದೇ ಲಾಭ. ನಮಗೆ ಬೇಕಾದ್ದು ಟ್ರೈಲರು ಮತ್ತೆ ಮದ್ದು ಬಿಡುವ ಪಂಪು ಓಡಿಸ್ಲಿಕ್ಕೆ ಪಿಟಿಒ (ಎಂಜಿನಿನ ಶಕ್ತಿಯಲ್ಲಿ ಬೇರೆ ಯಂತ್ರ ತಿರುಗಿಸುವ ಶಾಫ್ಟ್), ಅಷ್ಟೇ.

ಗಾಡಿ ನೋಡ್ಲಿಕ್ಕೆ ನಾನು ಮತ್ತೆ ಬಾವ ಹೋದದ್ದು ಮಧ್ಯಾಹ್ನ, ಬ್ರೋಕರನೇ ಹೇಳಿದ ಟೈಮಿಗೆ. ಯಾರ್ಡು ಸಿಮೆಂಟ್ ಹಾಕಿದ ಸಪಾಟು ಜಾಗೆ. "ನೀವೇ ಕೀ ತಿರುಗಿಸಿ ಅಣ್ಣ, ಮುಟ್ಟಿದ್ರೆ ಸ್ಟಾರ್ಟ್" ಅಂದ, ನಿಜವಾಗಿ ಮುಟ್ಟಿದ ಕೂಡ್ಲೇ ಸ್ಟಾರ್ಟ್. ಹೊಗೆ ಇಲ್ಲ, ಸೌಂಡು ಚೆಂದ. ಬಾವನವರು ಬಾನೆಟ್ ಮೇಲೆ ಕೈ ಇಟ್ಟು "ಬಿಸಿ ಉಂಟಲ್ಲ" ಅಂದ್ರು. "ಈಗಷ್ಟೇ ಇನ್ನೊಂದು ಪಾರ್ಟಿ ಬಂದು ನೋಡಿ ಹೋದ್ರು, ಸಂಜೆಗೆ ಅಡ್ವಾನ್ಸ್ ತರ್ತೇನೆ ಅಂದಿದ್ದಾರೆ" ಅಂತ ಉತ್ತರ ರೆಡಿ ಇತ್ತು. ಫೋರ್ ವೀಲ್ ಲಿವರ್ ಹಾಕಿ ತೋರಿಸಿದ, ಟಕ್ ಅಂತ ಕೂತಿತು, ಯಾರ್ಡಲ್ಲಿ ಎರಡು ಸುತ್ತು ಹೊಡೆದ. ಸಪಾಟು ಸಿಮೆಂಟ್ ಮೇಲೆ ಖಾಲಿ ಗಾಡಿ ಎರಡು ಚಕ್ರದಲ್ಲಿ ಓಡ್ತದಾ ನಾಲ್ಕರಲ್ಲಾ ಅಂತ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಸ್ಟಾರ್ಟ್ ಇಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುವ ಹೊತ್ತಿಗೆ ಬಿಳಿ ಹೊಗೆ ಅಂಗಳ ತುಂಬ ಬಿಟ್ಟು ಕೆಮ್ಮಿಕೊಂಡು ಎದ್ದಿತು. ಹತ್ತು ನಿಮಿಷ ಆದ ಮೇಲೆ ಏನೂ ಆಗದವನ ಹಾಗೆ ಓಡಿತು. ಕೋಲ್ಡ್ ಸ್ಟಾರ್ಟಲ್ಲಿ ಬಿಳಿ ಹೊಗೆ ಬಂದು ನಿಲ್ಲದಿದ್ರೆ ಡೀಸೆಲ್ ಪೂರ್ತಿ ಉರೀತಾ ಇಲ್ಲ ಅಂತ ಅರ್ಥ, ಸ್ಟಾರ್ಟಿಗೆ ಮೊದಲು ಎಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್ ಹೋಗಿರಬಹುದು, ಅದು ಸಣ್ಣ ಖರ್ಚು, ಅಥವಾ ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿಯ ಒತ್ತಡ) ಇಳಿದಿರಬಹುದು, ಅದು ಸಣ್ಣ ಖರ್ಚಲ್ಲ. ನೀಲಿ ಹೊಗೆ ಆದ್ರೆ ಎಂಜಿನ್ ಆಯಿಲ್ ಕುಡೀತಾ ಉಂಟು. ಇನ್ನೊಂದು, ಗಾಡಿ ಓಡ್ತಾ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಅಲ್ಲಿಂದ ಬುಸುಬುಸು ಅಂತ ಹೊಗೆ ಉಗುಳಿದ್ರೆ ಪಿಸ್ಟನ್ ರಿಂಗು ಸವೆದಿದೆ. ಇದನ್ನು ಬಿಸಿ ಎಂಜಿನಲ್ಲೂ ನೋಡಬಹುದು. ಆದ್ರೆ ಸ್ಟಾರ್ಟಿಂಗ್ ಮಾತ್ರ ತಣ್ಣಗಿರುವಾಗಲೇ ನೋಡಬೇಕು, ಬೆಳಿಗ್ಗೆ ಬೇಗ, ಹೇಳದೆ ಹೋಗಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ರೆ ಆ ದಿನ ವಾಪಸ್ ಬನ್ನಿ, ಮಾತೇ ಬೇಡ.

ಎಂಜಿನ್ ಕತೆ ಅಷ್ಟು ದೊಡ್ಡದಲ್ಲ ಹೇಳಿದ್ರೆ ನಂಬ್ತೀರಾ? ನಿಜವಾದ ಪೆಟ್ಟು ಸಿಕ್ಕಿದ್ದು ಚಡವಲ್ಲಿ. ಕೊಳೆರೋಗಕ್ಕೆ ಮದ್ದು ಬಿಡುವ ಸಮಯ, ಟ್ರೈಲರಲ್ಲಿ 200 ಲೀಟರಿನ ಎರಡು ಬ್ಯಾರೆಲ್ ಬೋರ್ಡೋ ದ್ರಾವಣ, ಒಂದೊಂದರಲ್ಲಿ ಎರಡು ಕೆಜಿ ಮೈಲುತುತ್ತು ಎರಡು ಕೆಜಿ ಸುಣ್ಣ, ಮತ್ತೆ ಪಂಪು, ಪೈಪು. ಇಳಿದದ್ದು ಇಳಿಯಿತು. ಮಳೆ ಬಂತು, ಅರ್ಧ ಮದ್ದು ಉಳೀತು, ಹಾಗೇ ಮೇಲೆ ತರುವಾಗ ಚಡವಿನ ಅರ್ಧಕ್ಕೆ ಹಿಂದಿನ ಚಕ್ರ ತಿರುಗ್ಲಿಕ್ಕೆ ಶುರು. ಲಿವರ್ ಹಾಕಿಯೇ ಉಂಟು, ಮುಂದಿನ ಚಕ್ರ ಸತ್ತ ಹಾಗೆ ನಿಂತಿದೆ. ಗಾಡಿ ಟ್ರೈಲರ್ ಸಮೇತ ಹಿಂದೆ ಜಾರಿತು, ಟ್ರೈಲರ್ ಅಡ್ಡ ಆಗಿ ಬದಿಯ ಮಣ್ಣಿನ ಬರೆಗೆ ತಾಗಿ ನಿಂತದ್ದಕ್ಕೆ ಬಚಾವ್. ಓಡಿಸ್ತಾ ಇದ್ದ ತಮ್ಮ ಹಾರಿ ಇಳಿದ, ಅವನಿಗೆ ಏನೂ ಆಗ್ಲಿಲ್ಲ. ಟ್ರೈಲರನ್ನು ಕೆಳಗಿನ ಡ್ರಾಬಾರಿಗೇ ಹಾಕಿದ್ದೆವು ಅದೂ ಒಂದು ಪುಣ್ಯ. ಕೆಲವರು ಮೇಲಿನ ಲಿಂಕಿಗೆ ಕಟ್ತಾರೆ, ಹಾಗೆ ಕಟ್ಟಿದ್ರೆ ಏರಲ್ಲಿ ಗಾಡಿಯ ಮೂತಿ ಎದ್ದು ಹಿಂದಕ್ಕೆ ಮಗುಚ್ತದೆ, ದಯವಿಟ್ಟು ಹಾಗೆ ಮಾಡ್ಬೇಡಿ.

ಮೆಕ್ಯಾನಿಕ್ ಬಂದು ಅಡಿಗೆ ನುಗ್ಗಿ ಮುಂದಿನ ಆಕ್ಸಲಿಗೆ ಹೋಗುವ ಶಾಫ್ಟಿನ ಕವರ್ ಬಿಚ್ಚಿದ. ಒಳಗೆ ಶಾಫ್ಟೇ ಇಲ್ಲ! ಕವರ್ ಉಂಟು, ಕ್ಲಾಂಪ್ ಉಂಟು, ಲಿವರ್ ಟಕ್ ಅನ್ತದೆ, ನಡುವಿನ ಶಾಫ್ಟ್ ತೆಗೆದು ಇಟ್ಟಿದ್ದಾರೆ. ಯಾಕೆ ಅಂತ ಆಕ್ಸಲ್ ಡ್ರೈನ್ ಬೋಲ್ಟ್ ಸಡಿಲ ಮಾಡಿದಾಗ ಗೊತ್ತಾಯ್ತು, ಮೊದಲು ಒಂದಿಷ್ಟು ನೀರು ಬಂತು, ಮತ್ತೆ ಹಾಲು ಹಾಕಿದ ಚಾಯದ ಬಣ್ಣದ ಆಯಿಲ್, ಅದರಲ್ಲಿ ಕಬ್ಬಿಣದ ಚೂರು. ಗದ್ದೆ ಕೆಸರಲ್ಲಿ ಆಕ್ಸಲ್ ಮುಳುಗುವಷ್ಟು ಆಳಕ್ಕೆ ಇಳಿಸಿ ಓಡಿಸಿದ್ರೆ, ಸೀಲ್ ಸರಿಯಾಗಿ ಬದಲಾಯಿಸದಿದ್ರೆ, ನೀರು ಒಳಗೆ ಹೋಗಿ ಗೇರು ಬೇರಿಂಗು ಎಲ್ಲ ತಿಂತದೆ. ಅದರ ಮೇಲೆ ಮುಂದಿನ ಟೈರ್ ಎರಡೂ ಹೊಸತು, ಸೈಜು ಕಂಪೆನಿಯದ್ದಲ್ಲ. ನೋಡ್ಲಿಕ್ಕೆ ಗಾಡಿ ಜೋರಾಗಿ ಕಾಣ್ತಿತ್ತು ಹೊಸ ಟೈರಲ್ಲಿ. ಫೋರ್ ವೀಲಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಚೂರೇ ಚೂರು, ಶೇಕಡಾ ಒಂದರಿಂದ ಐದರ ಒಳಗೆ, ಜಾಸ್ತಿ ಓಡುವ ಹಾಗೆ ಗೇರು ಮತ್ತೆ ಟೈರ್ ಸೈಜು ಹೊಂದಿಸಿರ್ತಾರೆ. ಆ ಲೆಕ್ಕ ತಪ್ಪಿದ್ರೆ ಮುಂದೆ ಹಿಂದೆ ಒಂದಕ್ಕೊಂದು ಎಳೆದಾಡಿ ಗೇರಿಗೆ ಹೊಡೆತ. ಒಳ್ಳೆ ಗಾಡಿಯನ್ನೂ ಅದೇ ಕಾರಣಕ್ಕೆ ಗಟ್ಟಿ ಮುರಕಲ್ಲಿನ ಮೇಲೆ, ಟಾರ್ ರೋಡಲ್ಲಿ ಫೋರ್ ವೀಲ್ ಹಾಕಿ ಓಡಿಸ್ಬಾರ್ದು, ಜಾರುವಲ್ಲಿ ಮಾತ್ರ ಹಾಕ್ಬೇಕು.

ಆಕ್ಸಲ್ ರಿಪೇರಿ ಎಸ್ಟಿಮೇಟ್ ಲಕ್ಷದ ಮೇಲೆ.

ಇದನ್ನು ಯಾರ್ಡಲ್ಲೇ ಹಿಡೀಲಿಕ್ಕೆ ಮೆಕ್ಯಾನಿಕ್ ಹೇಳಿಕೊಟ್ಟ ಉಪಾಯ, ಒಂದು ಜಾಕ್ ಸಾಕು. ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಗೇರಲ್ಲಿ ಹಾಕಿ, ಫೋರ್ ವೀಲ್ ಲಿವರ್ ಹಾಕಿ, ಮುಂದಿನ ಒಂದೇ ಒಂದು ಚಕ್ರ ಎತ್ತಿ. ಕೈಯಲ್ಲಿ ತಿರುಗಿಸಿ ನೋಡಿ. ಸ್ವಲ್ಪ ಆಟ ಇರ್ತದೆ, ಆದ್ರೆ ತಿರುಗ್ಲಿಕ್ಕೆ ಬಿಡಬಾರ್ದು. ಸೈಕಲ್ ಚಕ್ರದ ಹಾಗೆ ತಿರುಗಿದ್ರೆ ಒಳಗೆ ಏನೋ ಇಲ್ಲ ಅಥವಾ ಮುರಿದಿದೆ. ಹಾಗೇ ಡ್ರೈನ್ ಬೋಲ್ಟ್ ಚೂರು ಸಡಿಲ ಮಾಡಿ ನಾಲ್ಕು ಹನಿ ಆಯಿಲ್ ಬೆರಳಲ್ಲಿ ಹಿಡೀರಿ, ರಾತ್ರಿ ನಿಂತ ಗಾಡಿ ಆದ್ರೆ ನೀರು ಅಡಿಯಲ್ಲಿ ಕೂತು ಮೊದಲು ಅದೇ ಬರ್ತದೆ. ಬೋಲ್ಟ್ ಮುಟ್ಲಿಕ್ಕೆ ಬಿಡುವುದಿಲ್ಲ ಅಂದ್ರೆ ಉತ್ತರ ಸಿಕ್ಕಿದ ಹಾಗೆಯೇ. ಕ್ಲಚ್ ನೋಡ್ಲಿಕ್ಕೆ ಮೇಲಿನ ಗೇರ್ ಹಾಕಿ ಬ್ರೇಕ್ ಒತ್ತಿ ಹಿಡಿದು ಮೆಲ್ಲ ಕ್ಲಚ್ ಬಿಡಿ, ಎಂಜಿನ್ ಆಫ್ ಆಗ್ಬೇಕು, ಆಗದೆ ಗುರ್ ಅನ್ತಾ ಇದ್ರೆ ಪ್ಲೇಟ್ ಹೋಗಿದೆ. ಹೈಡ್ರಾಲಿಕ್‌ಗೆ ಭಾರ ಏನಾದ್ರೂ ಎತ್ತಿಸಿ, ಎಂಜಿನ್ ಓಡ್ತಾ ಇರುವಾಗಲೇ ಹಿಂದಿನ ಎತ್ತುವ ಕೈ ಇಳಿದು ಪುನಃ ಎಗರಿ ಎಗರಿ ಏರ್ತಾ ಇದ್ರೆ ಒಳಗೆ ಲೀಕ್. ಖಾಲಿ ಕೈ ಮೇಲೆ ಕೆಳಗೆ ಮಾಡಿ ತೋರಿಸುವುದು ಎಂತದೂ ಪ್ರೂಫ್ ಅಲ್ಲ.

ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನಂಬಲೇ ಬೇಡಿ. ನಮ್ಮದರಲ್ಲಿ ಸಾವಿರವೂ ಆಗಿರ್ಲಿಲ್ಲ, ಆದ್ರೆ ಡ್ರಾಬಾರಿನ ತೂತು ಮೊಟ್ಟೆ ಆಕಾರಕ್ಕೆ ಸವೆದಿತ್ತು, ಪೆಡಲಿನ ರಬ್ಬರ್ ಮಾತ್ರ ಹೊಸತು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರ್ತದೆ, 2319 ಅಂದ್ರೆ 2019ನೇ ಇಸವಿಯ 23ನೇ ವಾರದ್ದು. ಗಾಡಿಯ ವರ್ಷಕ್ಕಿಂತ ಟೈರ್ ಎಷ್ಟೋ ಹೊಸತು ಇದ್ದು ಮೀಟರ್ ಮಾತ್ರ ಕಡಿಮೆ ಅಂದ್ರೆ ಹಳೆ ಟೈರ್ ಎಲ್ಲಿ ಸವೆಯಿತು ಅಂತ ಕೇಳಿ.

ಇನ್ನು ಕಾಗದ. ನಮ್ಮಂಥ ಗಡಿಯವರಿಗೆ ಇದು ಗೇರಿಗಿಂತ ದೊಡ್ಡ ತಲೆಬಿಸಿ. ಕೆಎ ನಂಬರ್ ಗಾಡಿ ಇಲ್ಲಿ ಎಷ್ಟೋ ಓಡ್ತದೆ, ಯಾರು ಕೇಳ್ತಾರೆ ಅಂತ ಬ್ರೋಕರ್ ಹೇಳ್ತಾನೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡ್ರೆ ಇಲ್ಲಿಯ ನಂಬರ್ ಮಾಡಿಸ್ಲೇಬೇಕು. ಅದಕ್ಕೆ ಮೊದಲಿನ ಆರ್‌ಟಿಒದಿಂದ ಎನ್‌ಒಸಿ, ಅದು ಫಾರ್ಮ್ 28. ಹೆಸರು ಬದಲಾಯಿಸ್ಲಿಕ್ಕೆ 29 ಮತ್ತೆ 30, ಮಾರುವವನ ಸೈನ್ ಬೇಕು. ಗಾಡಿ ಮೇಲೆ ಸಾಲ ಇದ್ರೆ ಸಾಲ ತೀರಿದ್ದಕ್ಕೆ ಫೈನಾನ್ಸಿನವರ ಸೈನ್ ಇರುವ ಫಾರ್ಮ್ 35. ನಮಗೆ ಸಿಕ್ಕಿದ್ದು ಸೈನ್ ಹಾಕಿದ 29, 30, ಮತ್ತೆ "ಎನ್‌ಒಸಿ ಎರಡು ವಾರದಲ್ಲಿ ನಾನೇ ತಂದು ಕೊಡ್ತೇನೆ" ಅನ್ನುವ ಬಾಯಿಮಾತು. ಎರಡು ವಾರ ಆದ ಮೇಲೆ ಫೋನ್ ಎತ್ತುವುದು ನಿಂತಿತು. ತಮ್ಮ ಸರ್ಕಾರದ ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿ ನೋಡಿದ್ರೆ ಫೈನಾನ್ಸಿನ ಹೆಸರು ಹಾಗೇ ಕೂತಿದೆ. ಆರ್‌ಸಿಯಲ್ಲಿ ಇದ್ದ ವಿಳಾಸ ಹಿಡಿದು ಗಾಡಿಯ ಮೊದಲಿನ ಮಾಲೀಕ ರೈತರ ನಂಬರ್ ಹುಡುಕಿ ಮಾತಾಡಿದೆವು. ಪಾಪ, ಅವರೂ ನಮ್ಮ ಹಾಗೆಯೇ, ಸಾಲ ಉಳಿದದ್ದನ್ನು ನಾನು ಕಟ್ಟಿಕೊಳ್ತೇನೆ ಅಂತ ಹೇಳಿದವನಿಗೆ ಗಾಡಿ ಕೊಟ್ಟಿದ್ದರು, ಅವ ಒಂದು ಕಂತೂ ಕಟ್ಲಿಲ್ಲ, ನೋಟಿಸ್ ಮಾತ್ರ ಇವರ ಮನೆಗೆ ಬರ್ತಾ ಉಂಟು. ಅಂದ್ರೆ ನಾಳೆ ಫೈನಾನ್ಸಿನವರು ನಮ್ಮ ಅಂಗಳಕ್ಕೆ ಬಂದು ಗಾಡಿ ಎಳ್ಕೊಂಡು ಹೋದ್ರೂ ನಮ್ಮ ಕೈಯಲ್ಲಿ ತೋರಿಸ್ಲಿಕ್ಕೆ ಎಂತದೂ ಇಲ್ಲ.

ಆಪಲ್ಲಿ ನಂಬರ್ ಹಾಕಿ ನೋಡ್ಲಿಕ್ಕೆ ಎರಡು ನಿಮಿಷ. ಫೈನಾನ್ಸ್ ಹೆಸರು ಕಂಡ್ರೆ ಫಾರ್ಮ್ 35 ಕಣ್ಣಾರೆ ನೋಡದೆ ಅಡ್ವಾನ್ಸೂ ಬೇಡ. ಎನ್‌ಒಸಿ ಕೈಗೆ ಬಂದ ದಿನ ಕೊಡ್ತೇನೆ ಅಂತ ದೊಡ್ಡ ಪಾಲು ಹಣ ಹಿಡಿದು ಇಟ್ಕೊಳ್ಳಿ, ಅದನ್ನು ಕಾಗದದಲ್ಲಿ ಬರೆಸಿ, ಚಾಸಿಸ್ ನಂಬರ್ ಆರ್‌ಸಿಗೆ ಸರಿ ಉಂಟಾ ಅಂತ ಪೆನ್ಸಿಲ್ ಉಜ್ಜಿ ತೆಗೆದು ನೋಡಿ. ಪೇಂಟ್ ಹೊಡೆದವರು ನಂಬರಿನ ಮೇಲೂ ಹೊಡೆದಿರ್ತಾರೆ.

ರೇಟಿನ ವಿಷಯ ಹೇಳುವುದಾದ್ರೆ, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹೊಸ ಗಾಡಿಯ ರೇಟು ಇಳಿದರೂ ಯಾರ್ಡಿನವರು ಹೇಳುವುದು ಹಳೇ ಲೆಕ್ಕದ್ದೇ. ಮೊದಲು ಶೋರೂಮಲ್ಲಿ ಇವತ್ತಿನ ಕೊಟೇಶನ್ ತೆಗೊಂಡು, ಮತ್ತೆ ಹಳೆಯದರ ಮಾತಿಗೆ ಕೂತುಕೊಳ್ಳಿ. ಸರ್ಕಾರದ ಯಾಂತ್ರೀಕರಣ ಸಬ್ಸಿಡಿ ಹೊಸತಕ್ಕೆ ಮಾತ್ರ, ಅದೂ ಸಿಗುವ ಹಾಗಿದ್ರೆ ಅಂತರ ಇನ್ನೂ ಕಡಿಮೆ, ಕೃಷಿಭವನಲ್ಲಿ ಕೇಳಿ ನೋಡಿ. ನಾವು ಮೂರೂವರೆ ಲಕ್ಷದ ಹತ್ತಿರ ಕೊಟ್ಟದ್ದು, ಆಕ್ಸಲಿಗೆ ಲಕ್ಷ, ಎಂಜಿನ್ ಕೆಲಸ ಬೇರೆ, ಸಾಲದ ಬಾಕಿ ನಮ್ಮ ತಲೆಗೇ ಬಂದ್ರೆ ಹೊಸತಕ್ಕಿಂತ ಜಾಸ್ತಿ ಆಗ್ತದೆ.

ಸದ್ಯಕ್ಕೆ ಗಾಡಿ ಶೆಡ್ಡಲ್ಲಿ, ಆಕ್ಸಲ್ ಬಿಚ್ಚಿ ಇಟ್ಟಿದ್ದೇವೆ, ಫೈನಾನ್ಸ್ ತೀರ್ಮಾನ ಆಗುವ ತನಕ ಒಂದು ರೂಪಾಯಿಯ ಪಾರ್ಟ್ಸೂ ಹಾಕ್ಬೇಡ ಅಂತ ವಕೀಲರು ಹೇಳಿದ್ದಾರೆ. ಆರ್‌ಸಿಯ ರೈತರೂ ನಾವೂ ಸೇರಿ ಪೊಲೀಸ್ ಕಂಪ್ಲೇಂಟ್ ಕೊಟ್ಟದ್ದು ಆಗಿದೆ. ಆ ಯಾರ್ಡಲ್ಲಿ ಈಗ ಪುನಃ ಎರಡು ಫೋರ್ ವೀಲ್ ಮಿನಿ ಬಂದು ನಿಂತಿದೆ ಅಂತ ಮೊನ್ನೆ ಬಾವ ನೋಡ್ಕೊಂಡು ಬಂದ್ರು, ಎರಡಕ್ಕೂ ಮುಂದಿನ ಟೈರ್ ಹೊಸತಂತೆ.