ಪೋಸ್ಟ್‌ಪೇಯ್ಡ್ ಬಿಡುವಾಗ: ರದ್ದತಿ, ಪ್ರೀಪೇಯ್ಡ್ ಅಥವಾ ಪೋರ್ಟ್

ಶಿರಸಿ ಸಮೀಪದ ಪರಿಚಿತರೊಬ್ಬರು, ತಿಂಗಳ ಬಿಲ್ಲು ಹೊರೆಯಾಗಿರುವ ಪೋಸ್ಟ್‌ಪೇಯ್ಡ್ ಸಂಪರ್ಕವನ್ನು ರದ್ದುಪಡಿಸಬೇಕೇ, ಅದೇ ಕಂಪನಿಯ ಪ್ರೀಪೇಯ್ಡ್‌ಗೆ ಬದಲಿಸಬೇಕೇ ಅಥವಾ ಬೇರೆ ಕಂಪನಿಗೆ ಪೋರ್ಟ್ ಮಾಡಬೇಕೇ, ಅಂದರೆ ಅದೇ ಸಂಖ್ಯೆಯೊಂದಿಗೆ ಅಲ್ಲಿಗೆ ಹೋಗಬೇಕೇ ಎಂದು ಕೇಳಿದ್ದಾರೆ.

ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮೂರರಲ್ಲೂ ಬಾಕಿ ಬಿಲ್ಲು ತೀರಿಸಲೇಬೇಕು. ಠೇವಣಿ ಇಟ್ಟಿದ್ದರೆ ಅದನ್ನು ಕೇಳಿ ಪಡೆಯಿರಿ.

ನಿಜವಾದ ವ್ಯತ್ಯಾಸವಿರುವುದು ಸಂಖ್ಯೆಯಲ್ಲಿ: ಪ್ರೀಪೇಯ್ಡ್‌ಗೆ ಬದಲಿಸಿದರೂ ಪೋರ್ಟ್ ಮಾಡಿದರೂ ಅದು ಉಳಿಯುತ್ತದೆ, ರದ್ದುಪಡಿಸಿದರೆ ಹೋಗುತ್ತದೆ. ರದ್ದಾದ ಸಂಖ್ಯೆಯನ್ನು 90 ದಿನಗಳ ನಂತರ ಮತ್ತೊಬ್ಬರಿಗೆ ಕೊಡಬಹುದಾದ್ದರಿಂದ, ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್ ಮತ್ತು ಅಡಿಕೆ ಹಾಕುವ ಸೊಸೈಟಿಯ ಖಾತೆಗಳಲ್ಲಿ ಅದೇ ಸಂಖ್ಯೆ ಉಳಿದಿದ್ದರೆ ನಿಮ್ಮ ಓಟಿಪಿ ಅಪರಿಚಿತರ ಕೈ ಸೇರೀತು. ಎಲ್ಲೂ ನೋಂದಾಯಿಸದ ಎರಡನೆಯ ಸಿಮ್ಮಿಗೆ ಮಾತ್ರ ರದ್ದತಿ ಸೂಕ್ತ.

ಸಿಗ್ನಲ್ ಚೆನ್ನಾಗಿದ್ದು ಬಿಲ್ಲಷ್ಟೇ ತೊಂದರೆಯಾಗಿದ್ದರೆ ಪ್ರೀಪೇಯ್ಡ್ ಸಾಕು; ರೀಚಾರ್ಜ್ ಮರೆಯುವ ಸ್ವಭಾವದವರಿಗೆ ಅದನ್ನು ಹೇಳಲಾರೆ.

ಮಾತನಾಡಲು ಅಂಗಳದ ತುದಿಗೆ, ಅದೂ ಮಳೆಗಾಲದಲ್ಲಿ ಕೊಡೆ ಹಿಡಿದು ಹೋಗಬೇಕಾದ ಮನೆಗೆ ಪೋರ್ಟ್ ಮಾಡುವುದೇ ಸರಿ. ಆದರೆ ಘಟ್ಟದಲ್ಲಿ ಒಂದು ಗುಡ್ಡ ದಾಟಿದರೆ ಟವರ್ ಬದಲಾಗುವುದರಿಂದ, ಹೊಸ ಕಂಪನಿಯ ಸಿಮ್ ಇರುವ ನೆಂಟರ ಫೋನನ್ನು ಅಡುಗೆಮನೆಯಲ್ಲೇ ಹಿಡಿದು ನೋಡಿರಿ. ಒಮ್ಮೆ ಬದಲಿಸಿದರೆ 90 ದಿನ ಕಾಯದೆ ಮತ್ತೆ ಪೋರ್ಟ್ ಮಾಡಲಾಗದು. ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ಸಂಖ್ಯೆ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳುಹಿಸಿದರೆ, ಹೊಸ ಕಂಪನಿಗೆ ಕೊಡಬೇಕಾದ ಸಂಕೇತ (ಕೋಡ್) ಬರುತ್ತದೆ; ಅದು ಕರ್ನಾಟಕದಲ್ಲಿ 4 ದಿನ ಚಾಲ್ತಿಯಲ್ಲಿರುತ್ತದೆ. ಪೋರ್ಟ್ ಮಾಡುವವರು ಹಳೆಯ ಸಂಪರ್ಕವನ್ನು ಮೊದಲೇ ರದ್ದುಪಡಿಸಬಾರದು, ಸಂಖ್ಯೆಯೇ ಕೈತಪ್ಪುತ್ತದೆ.